ಕೈಗಾರಿಕಾ ಕಟ್ಟಡಗಳ ಗುತ್ತಿಗೆದಾರರಿಗೆ ಸರ್ಕಾರಿ ಖಾತರಿಯ ಸಾಲ

ಹಣ ಬ್ಯಾಂಕಿನದು, ಖಾತರಿ ನಿಧಿಯದು

ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳು ಆಸ್ತಿಯ ಅಡಮಾನವಿಲ್ಲದೆ ಪಡೆಯುವ ಬ್ಯಾಂಕ್ ಸಾಲದ ಬಹುಭಾಗಕ್ಕೆ ಸಾರ್ವಜನಿಕ ನಿಧಿಯೊಂದು ಹೊಣೆ ನಿಲ್ಲುವ ವ್ಯವಸ್ಥೆಯೇ ಸಾಲ ಖಾತರಿ, ಅಂದರೆ ಕ್ರೆಡಿಟ್ ಗ್ಯಾರಂಟಿ. ಭಾರತ ಸರ್ಕಾರ ಮತ್ತು ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕಾದ ಸಿಡ್ಬಿ 4:1ರ ಪ್ರಮಾಣದಲ್ಲಿ ಬಂಡವಾಳ ಹಾಕಿ 2000ರಲ್ಲಿ ಇದಕ್ಕಾಗಿ ಒಂದು ಟ್ರಸ್ಟನ್ನು ಸ್ಥಾಪಿಸಿದವು. ಅದರ ಸಂಕ್ಷಿಪ್ತ ಹೆಸರು ಸಿಜಿಟಿಎಂಎಸ್‌ಇ. ಒಬ್ಬ ಸಾಲಗಾರನಿಗೆ ₹2 ಕೋಟಿಯಷ್ಟಿದ್ದ ಖಾತರಿ ಸಾಲದ ಮಿತಿ 2023ರ ಏಪ್ರಿಲ್‌ನಲ್ಲಿ ₹5 ಕೋಟಿಗೆ, 2025ರ ಏಪ್ರಿಲ್‌ನಲ್ಲಿ ₹10 ಕೋಟಿಗೆ ಏರಿತು.

ಕಾರ್ಯವಿಧಾನ

ಉದ್ಯಮಿ ತನ್ನ ಯೋಜನಾ ವರದಿಯನ್ನು ಬ್ಯಾಂಕಿಗೆ ಒಪ್ಪಿಸುತ್ತಾನೆ. ಬ್ಯಾಂಕು ಅದನ್ನು ಪರಿಶೀಲಿಸಿ ಸಾಲ ಮಂಜೂರು ಮಾಡಿದ ಮೇಲೆ ಟ್ರಸ್ಟಿನಿಂದ ಖಾತರಿ ಪಡೆಯುತ್ತದೆ. ಖಾತರಿಯ ಪ್ರಮಾಣ ಸಾಮಾನ್ಯವಾಗಿ ಸಾಲದ ಶೇ 75. ಮಹಿಳಾ ಉದ್ಯಮಿಗಳಿಗೂ ಅತಿ ಚಿಕ್ಕ ಸಾಲಗಳಿಗೂ ಅದು ಇನ್ನೂ ಹೆಚ್ಚು. ಇದಕ್ಕೆ ವಾರ್ಷಿಕ ಶುಲ್ಕವಿದೆ; ₹10 ಲಕ್ಷದವರೆಗಿನ ಸಾಲಕ್ಕೆ 2023ರಲ್ಲಿ ಅದನ್ನು ಶೇ 0.37ಕ್ಕೆ ಇಳಿಸಲಾಯಿತು.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಖಾತರಿಯು ಸಾಲ ಮನ್ನಾ ಅಲ್ಲ. ಕಂತು ನಿಂತರೆ, ಚಿಕ್ಕ ಸಾಲಗಳನ್ನು ಬಿಟ್ಟು, ಬ್ಯಾಂಕು ಸಾಮಾನ್ಯವಾಗಿ ವಸೂಲಿಯ ಕಾನೂನು ಕ್ರಮ ಕೈಗೊಂಡೇ ಟ್ರಸ್ಟಿನಿಂದ ಪರಿಹಾರ ಕೇಳುತ್ತದೆ. ಪರಿಹಾರ ಸಿಗುವುದು ಬ್ಯಾಂಕಿಗೆ. ಸಾಲಗಾರನ ಋಣ ಹಾಗೆಯೇ ಉಳಿಯುತ್ತದೆ.

ಗುತ್ತಿಗೆದಾರನ ವಿಶೇಷ ಸ್ಥಿತಿ

ಕಾರ್ಖಾನೆಯ ಯಜಮಾನನಿಗೆ ನೆಲ, ಕಟ್ಟಡ, ಯಂತ್ರಗಳಿರುತ್ತವೆ. ಗೋದಾಮು, ಶೆಡ್ಡುಗಳನ್ನು ಕಟ್ಟಿಕೊಡುವ ಗುತ್ತಿಗೆದಾರ ಇನ್ನೊಬ್ಬರ ನೆಲದಲ್ಲಿ ದುಡಿಯುವವನು. ಸೆಂಟ್ರಿಂಗ್ ಸಾಮಾನು, ಕಾಂಕ್ರೀಟ್ ಮಿಕ್ಸರ್, ಒಂದೆರಡು ವಾಹನ ಬಿಟ್ಟರೆ ಅಡಮಾನಕ್ಕೆ ಅವನಲ್ಲಿ ಹೆಚ್ಚೇನೂ ಇರದು. ಸಿಮೆಂಟು, ಕಬ್ಬಿಣಕ್ಕೆ ಮೊದಲೇ ಹಣ ಬೇಕು. ಕೂಲಿಯನ್ನು ವಾರವಾರ ಬಟವಾಡೆ ಮಾಡಬೇಕು. ಬಿಲ್ಲಿನ ಹಣ ಮಾತ್ರ ಕೆಲಸದ ಅಳತೆಯಾದ ಮೇಲೆ ಬರುತ್ತದೆ, ಅದರಲ್ಲೂ ಒಂದು ಪಾಲು ಭದ್ರತಾ ಠೇವಣಿಯೆಂದು ಕಡಿತವಾಗುತ್ತದೆ. ಆದ್ದರಿಂದ ಅವನಿಗೆ ಯಂತ್ರ ಕೊಳ್ಳುವ ಅವಧಿ ಸಾಲಕ್ಕಿಂತ ದುಡಿಮೆ ಬಂಡವಾಳವೇ ಹೆಚ್ಚು ಅವಶ್ಯ. ಟ್ರಸ್ಟಿನ ಖಾತರಿ ಇವೆರಡಕ್ಕೂ ಅನ್ವಯಿಸುತ್ತದೆ. ಟೆಂಡರಿಗೆ ಬೇಕಾಗುವ ಬ್ಯಾಂಕ್ ಗ್ಯಾರಂಟಿಯಂಥ, ನಗದು ಕೈಗೆ ಬಾರದ ಸೌಲಭ್ಯಕ್ಕೂ ದೊರೆಯುತ್ತದೆ. ಈ ಅಂಶ ಇನ್ನಷ್ಟು ಗುತ್ತಿಗೆದಾರರಿಗೆ ತಿಳಿಯಬೇಕಾಗಿದೆ.

ಕಾಗಿನೆಲೆಯ ಸುತ್ತಮುತ್ತ

ಇಂಥ ಗುತ್ತಿಗೆದಾರರಿಗೆ ಕೆಲಸವಿರುವ ಒಂದು ಪ್ರದೇಶದ ಉದಾಹರಣೆ ನೋಡೋಣ. ಕನಕದಾಸರ ಕಾಗಿನೆಲೆ ಇರುವುದು ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಬೆಲೆ. ಬಣ್ಣ ಮಾಸದಿರಲು ತಂಪು ಬೇಕು. ಹೀಗಾಗಿ ಬ್ಯಾಡಗಿಯ ಸುತ್ತ ಶೀತಲಗೃಹಗಳು ಎದ್ದು ನಿಂತಿವೆ. ರಾಣೇಬೆನ್ನೂರಿನ ಬಿತ್ತನೆ ಬೀಜದ ಉದ್ಯಮಕ್ಕೂ ಒಣ, ಸುರಕ್ಷಿತ ಉಗ್ರಾಣಗಳು ಬೇಕು. ಇಂಥ ಕಟ್ಟಡ ಕಟ್ಟಿಸುವವರಿಗೆ 2020ರ ಕೃಷಿ ಮೂಲಸೌಕರ್ಯ ನಿಧಿಯು ₹2 ಕೋಟಿವರೆಗಿನ ಸಾಲದ ಮೇಲೆ ಗರಿಷ್ಠ 7 ವರ್ಷ ಶೇ 3ರ ಬಡ್ಡಿ ರಿಯಾಯಿತಿ ಕೊಡುತ್ತದೆ. ಖಾತರಿ ಶುಲ್ಕವನ್ನೂ ಸರ್ಕಾರವೇ ಭರಿಸುತ್ತದೆ. ಈ ರಿಯಾಯಿತಿ ಕಟ್ಟಡದ ಒಡೆಯನಿಗೆ ಸೇರಿದ್ದು. ಕಟ್ಟುವ ಗುತ್ತಿಗೆದಾರನು ತನ್ನ ಸಾಲವನ್ನು ಬೇರೆಯಾಗಿಯೇ ಪಡೆಯಬೇಕು.

ಅರ್ಜಿ

ಮೊದಲು ಉದ್ಯಮ್ ನೋಂದಣಿ ಮಾಡಿಸಬೇಕು. ಅದು ಆನ್‌ಲೈನ್‌ನಲ್ಲಿ ಉಚಿತ. ಜಿಎಸ್‌ಟಿ ವಿವರ, ಆದಾಯ ತೆರಿಗೆಯ ದಾಖಲೆ, ಕೈಯಲ್ಲಿರುವ ಕಾಮಗಾರಿಗಳ ಕಾರ್ಯಾದೇಶಗಳನ್ನು ಬ್ಯಾಂಕು ಕೇಳುತ್ತದೆ. ರಾಷ್ಟ್ರೀಕೃತ ಬ್ಯಾಂಕುಗಳಲ್ಲದೆ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲೂ ವಿಚಾರಿಸಬಹುದು. ಧಾರವಾಡ ಮೂಲದ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ಇದರಲ್ಲಿ ವಿಲೀನವಾಯಿತು. ಟ್ರಸ್ಟು ಸಾಲಗಾರರಿಂದ ನೇರವಾಗಿ ಅರ್ಜಿ ಪಡೆಯುವುದಿಲ್ಲ; ಖಾತರಿ ಕೊಡಿಸುವುದಾಗಿ ಹೇಳಿ ಹಣ ಕೇಳುವ ಮಧ್ಯವರ್ತಿಗಳಿಗೆ ಈ ವ್ಯವಸ್ಥೆಯಲ್ಲಿ ಸ್ಥಾನವಿಲ್ಲ.