ಹಸುವಿನ ಕುಡಿಯುವ ನೀರಿನ ಉಷ್ಣತೆ

ಕುಡಿಯುವ ನೀರು ತಣ್ಣಗಿದೆಯೋ ಬೆಚ್ಚಗಿದೆಯೋ ಎಂಬುದರಿಂದ ಹೈನುರಾಸಿನ ಮೈಶಾಖ, ಮೇವು, ಹಾಲಿನ ಇಳುವರಿ ಬದಲಾಗುತ್ತವೆಯೇ ಎಂಬ ಪ್ರಶ್ನೆ ಇಂದು ಬೇಸಿಗೆಯ ಮಾತು. ಆದರೆ ವಿಜ್ಞಾನಿಗಳಿಗೆ ಅದು ಮೊದಲು ಎದುರಾದದ್ದು ಚಳಿಗಾಲದಲ್ಲಿ. ಅಮೆರಿಕದ ವಿಸ್ಕಾನ್ಸಿನ್‌ನ ಎಫ್. ಎಚ್. ಕಿಂಗ್ 1889ರ ಸುಮಾರಿಗೆ ಹಸುಗಳಿಗೆ ಹಿಮದಂಥ ನೀರನ್ನೂ 21° ಸೆ. ನೀರನ್ನೂ ಕೊಟ್ಟು ನೋಡಿದ. ಬೆಚ್ಚನೆಯದಕ್ಕೆ ಹಾಲು ತುಸು ಹೆಚ್ಚಿತು. ಮುಂದೆ ಚೀನಾ, ಜಪಾನ್, ಕೊರಿಯಾಗಳ ಬೇಸಾಯದ ಬಗ್ಗೆ ಪುಸ್ತಕ ಬರೆದು ಸಾವಯವ ಕೃಷಿಕರಿಗೆ ಪ್ರಿಯನಾದ ಕಿಂಗ್ ಇವನೇ.

ಪ್ರಶ್ನೆ ಬೇಸಿಗೆಯ ಕಡೆ ಹೊರಳಿದ್ದು 20ನೆಯ ಶತಮಾನದ ನಡುವೆ. ಮಿಸ್ಸೂರಿ ವಿಶ್ವವಿದ್ಯಾನಿಲಯದಲ್ಲಿ ಸ್ಯಾಮ್ಯುಯಲ್ ಬ್ರೋಡಿ ಮತ್ತು ಸಂಗಡಿಗರು ಗಾಳಿಯ ಬಿಸಿಯನ್ನು ಬೇಕಾದಂತೆ ಏರಿಸಿ ಇಳಿಸಬಲ್ಲ ಕೋಣೆಗಳಲ್ಲಿ ಹಸು ಕಟ್ಟಿ ಅಳೆದರು. ಸುಮಾರು 25° ಸೆ. ದಾಟುತ್ತಲೇ ಹೋಲ್‌ಸ್ಟೀನ್ ತಳಿಯ ಹಸು ಮೇವು ಬಿಡತೊಡಗಿತು. ಭಾರತದ ಗಿರ್, ಓಂಗೋಲ್ ಮುಂತಾದ ತಳಿಗಳ ರಕ್ತದ ಬ್ರಾಹ್ಮನ್ ಇನ್ನೂ ಬಹಳ ತಾಳಿತು. 1951ರಲ್ಲಿ ಪ್ರಕಟವಾದ, ಕ್ಯಾಲಿಫೋರ್ನಿಯದ ಸುಡುವ ಇಂಪೀರಿಯಲ್ ಕಣಿವೆಯ ಅಧ್ಯಯನದಲ್ಲಿ ತಂಪು ನೀರು ಕುಡಿದ ಹೆರಿಫರ್ಡ್ ದನಗಳ ತೂಕ ಚೆನ್ನಾಗಿ ಏರಿತು. ಅವು ಮಾಂಸದ ದನಗಳು.

ಕರೆಯುವ ಹಸುಗಳ ಮೇಲೆ ಕೆಲಸ ಹೆಚ್ಚು ನಡೆದದ್ದು 1980ರ ದಶಕದ ಟೆಕ್ಸಾಸ್‌ನಲ್ಲಿ. 10° ಸೆ. ಆಸುಪಾಸಿನ ನೀರು ಕುಡಿದ ಹಸುಗಳ ಏದುಸಿರು ಇಳಿಯಿತು, ಮೈ ತಣಿಯಿತು. ಆದರೆ ಒಂದೆರಡು ಗಂಟೆಯಲ್ಲಿ ಮತ್ತೆ ಮೊದಲಿನಂತೆಯೇ. 1990ರ ಒಂದು ವರದಿಯಲ್ಲಿ ತಂಪು ನೀರಿನಿಂದ ಮೇವೂ ಹಾಲೂ ಸ್ವಲ್ಪ ಹೆಚ್ಚಿದವು. ಸ್ವಾರಸ್ಯ ಬೇರೆ ಇದೆ: ಎರಡೂ ಬಗೆಯ ನೀರನ್ನು ಎದುರಿಗಿಟ್ಟಾಗ ಹಸುಗಳು ಬಹುತೇಕ ಬೆಚ್ಚನೆಯದಕ್ಕೇ ಬಾಯಿಟ್ಟವು.

ಲೆಕ್ಕ ಹಾಕಿದರೆ ಲಾಭದ ಮಿತಿ ತಿಳಿಯುತ್ತದೆ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಒಂದು ಕಿಲೊಕ್ಯಾಲೊರಿ ಹೀರುತ್ತದೆ. 60 ಲೀಟರನ್ನು 27°ಯ ಬದಲು 10°ಯಲ್ಲಿ ಕುಡಿಸಿದರೆ ಹೆಚ್ಚುವರಿಯಾಗಿ ಕಳೆಯುವ ಶಾಖ ಸುಮಾರು 1,020 ಕಿಲೊಕ್ಯಾಲೊರಿ. ಎರಡು ಲೀಟರಿಗೂ ಕಡಿಮೆ ಬೆವರು ಆರಿದರೆ ಅಷ್ಟೇ ಶಾಖ ಹೊರಬೀಳುತ್ತದೆ. ಹೆಚ್ಚು ಹಾಲಿನ ಹಸುವಿನ ಮೈ ದಿನಕ್ಕೆ ಹುಟ್ಟಿಸುವ ಶಾಖ 20,000 ಕಿಲೊಕ್ಯಾಲೊರಿ ಮೀರುತ್ತದೆ. ಆದ್ದರಿಂದ ನೀರು ತಣಿಸುವ ಯಂತ್ರಕ್ಕಿಂತ ನೆರಳು, ಫ್ಯಾನು, ಮೈಮೇಲೆ ನೀರಿನ ಸಿಂಪರಣೆಗೆ ದುಡ್ಡು ಹಾಕುವುದೇ ಜಾಣತನವೆನಿಸುತ್ತದೆ.

ಕೋಲಾರ, ಮಂಡ್ಯ ಕಡೆಯ ಎಚ್‌ಎಫ್ (ಹೋಲ್‌ಸ್ಟೀನ್-ಫ್ರೀಸಿಯನ್) ಮಿಶ್ರತಳಿ ಸಾಕುವವರಿಗೆ ತಂಪಿಗಿಂತ ಬಿಸಿಯದೇ ಕಾಟ. ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಕಪ್ಪು ಸಿಂಟೆಕ್ಸ್ ತೊಟ್ಟಿಯಿಂದ ಬಾನಿಗೆ ಬೀಳುವ ನೀರಿಗೆ ಕೈ ಅದ್ದಿದರೆ ಸುಡುತ್ತದೆ. ಹಸು ಮೂತಿಯಿಟ್ಟು ತಲೆ ಕೊಡವುತ್ತದೆ. ಕಟ್ಟಿದ ರಾಸಿಗೆ ಬೆಳಿಗ್ಗೆ ಸಂಜೆ ಕಲಗಚ್ಚು ತೋರಿಸಿ ಸುಮ್ಮನಾಗುವ ರೂಢಿಯಿದ್ದಲ್ಲಿ ಮಧ್ಯಾಹ್ನದ ಆ ಒಂದು ನೀರಿನ ಸರದಿ ತಪ್ಪಿದರೂ ಸಂಜೆಯ ಕರಾವಿಗೆ ಪೆಟ್ಟು. ತೊಟ್ಟಿಗೆ ತೆಂಗಿನ ಗರಿಯ ಚಪ್ಪರ ಹಾಕುವುದು, ಪೈಪನ್ನು ಗೇಣು ಆಳದಲ್ಲಿ ಮಣ್ಣಿನಡಿ ಹೂಳುವುದು, ಪೈಪಿನಲ್ಲಿ ನಿಂತು ಕಾದ ಮೊದಲ ಬಕೆಟ್ ನೀರನ್ನು ಸೀಮೆಹುಲ್ಲಿನ ಪಾತಿಗೆ ಬಿಡುವುದು ಅಲ್ಲಿ ಕೈಗೆಟುಕುವ ಉಪಾಯಗಳು.