ಉಬ್ಬಿದ ತಗಡು ಮತ್ತು ಪುಣೆಯ ಸುಧಾರಕರು

ಪುಣೆಯ ಕಸಬಾ ಪೇಟೆಯಲ್ಲಿ ತಾಂಬಟ ಆಳಿ ಎಂಬ ಓಣಿಯಿದೆ. ಮರಾಠಿಯಲ್ಲಿ ತಾಂಬಟನೆಂದರೆ ತಾಮ್ರದ ಪಾತ್ರೆ ಮಾಡುವವನು. ನಮ್ಮ ಕಂಚುಗಾರರ ಬಂಧುವೆನ್ನಬಹುದು. ಪೇಶ್ವೆಗಳ ಕಾಲದಿಂದ ಇಲ್ಲಿ ಈ ಕಸುಬನ್ನು ನಡೆಸಿಕೊಂಡು ಬಂದ ತ್ವಷ್ಟಾ ಕಾಸಾರ ಸಮುದಾಯವು ವೇದೋಕ್ತ ದೇವಶಿಲ್ಪಿ ತ್ವಷ್ಟೃವಿನ ಹೆಸರನ್ನು ಹೊತ್ತಿದೆ. ಹಂಡೆ, ಕೊಡ, ನೀರು ಕಾಯಿಸುವ ಬಂಬ ಎಲ್ಲವೂ ಇಲ್ಲಿ ಸುತ್ತಿಗೆಯ ಪೆಟ್ಟಿನಿಂದ ರೂಪುಗೊಂಡವು. ರೂಪ ತಾಳಿದ ಪಾತ್ರೆಯ ಮೈಮೇಲೆ ಒಂದರ ಪಕ್ಕ ಒಂದರಂತೆ ಪೆಟ್ಟು ಹಾಕಿ ಗಟ್ಟಿಗೊಳಿಸುವ ಕೆಲಸಕ್ಕೆ ‘ಮಠಾರಕಾಮ’ ಎಂದು ಹೆಸರು.

ಲೋಹದ ಸ್ವಭಾವವನ್ನು ಬಲ್ಲವರಿಗೆ ಉಬ್ಬಿದ ತಗಡೊಂದು ಒಳ್ಳೆಯ ಒಗಟು. ನಡುವೆ ಉಬ್ಬಿದ್ದರೆ ಉಬ್ಬಿನ ಮೇಲೆಯೇ ಬಡಿಯಬೇಕೆಂದು ನಮಗೆ ತೋರುತ್ತದೆ. ಹಾಗೆ ಬಡಿದರೆ ಉಬ್ಬು ಹೆಚ್ಚುತ್ತದೆ, ಇಲ್ಲವೇ ಇನ್ನೊಂದು ಬದಿಗೆ ಪುಟಿಯುತ್ತದೆ. ಉಬ್ಬಿದ ಭಾಗದಲ್ಲಿ ಲೋಹ ಆಗಲೇ ಹಿಗ್ಗಿದೆ. ಸುತ್ತಲಿನ ಭಾಗ ಅದಕ್ಕೆ ಎಡೆ ಕೊಡದೆ ಬಿಗಿದಿದೆ. ಕಬ್ಬಿಣದ ಸುತ್ತಿಗೆಯ ಪ್ರತಿ ಪೆಟ್ಟೂ ಲೋಹವನ್ನು ಮತ್ತಷ್ಟು ಹಿಗ್ಗಿಸುವುದರಿಂದ, ಬಡಿಯಬೇಕಾದದ್ದು ಉಬ್ಬನ್ನಲ್ಲ, ಸುತ್ತಲಿನ ಬಿಗಿಯನ್ನು. ಅಂಚುಗಳೇ ಅಲೆಯಾಗಿದ್ದರೆ ನಡುವನ್ನು ಬಡಿಯಬೇಕು. ಹಿಗ್ಗಿಸದೆ ಬಾಗಿಸಬೇಕಾದಾಗ ಮರದ ಕೊಡತಿ ಬೇಕು. ಬಡಿದು ಬಡಿದು ತಾಮ್ರ ಪೆಡಸಾದರೆ, ಅದನ್ನು ಕೆಂಪಗೆ ಕಾಯಿಸಿ ಮತ್ತೆ ಮೆದುವಾಗಿಸಬೇಕು. ಇಲ್ಲವಾದರೆ ಮುಂದಿನ ಪೆಟ್ಟಿಗೆ ತಗಡು ಸೀಳುತ್ತದೆ.

ಇಂಗ್ಲಿಷ್ ಚಿಂತಕ ಹರ್ಬರ್ಟ್ ಸ್ಪೆನ್ಸರ್ 1873ರಲ್ಲಿ ಪ್ರಕಟಿಸಿದ ಸಮಾಜಶಾಸ್ತ್ರದ ಅಧ್ಯಯನವನ್ನು ಕುರಿತ ಗ್ರಂಥದಲ್ಲಿ ಇದೇ ದೃಷ್ಟಾಂತವನ್ನು ಬಳಸಿದನು. ಒಂದು ತಗಡನ್ನು ಸಮ ಮಾಡುವುದೇ ಇಷ್ಟು ಕಷ್ಟವಾದರೆ, ಸಮಾಜವನ್ನು ನೇರ ಪೆಟ್ಟಿನಿಂದ ತಿದ್ದಲು ಹೊರಡುವವರು ಎಷ್ಟು ಎಚ್ಚರದಿಂದಿರಬೇಕು ಎಂಬುದು ಅವನ ಇಂಗಿತ. ಅವಸರದ ಶಾಸನಗಳಲ್ಲಿ ಅವನಿಗೆ ನಂಬಿಕೆಯಿರಲಿಲ್ಲ.

ಸ್ಪೆನ್ಸರನ ವಿಚಾರಗಳಿಗೆ ಆಳವಾಗಿ ಮನಸೋತ ಒಬ್ಬರು ಪುಣೆಯಲ್ಲೇ ಇದ್ದರು: ಗೋಪಾಳ ಗಣೇಶ ಆಗರಕರ್ (1856–1895). ತಿಲಕರೊಂದಿಗೆ ‘ಕೇಸರಿ’ಯನ್ನು ಕಟ್ಟಿದವರು, 1882ರಲ್ಲಿ ಅವರೊಂದಿಗೆ ಡೋಂಗರಿ ಸೆರೆಮನೆಯಲ್ಲಿ 101 ದಿನ ಕಳೆದವರು. ‘ಹ್ಯಾಮ್ಲೆಟ್’ ನಾಟಕವನ್ನು ಮರಾಠಿಗೆ ತಂದವರೂ ಅವರೇ. ಮುಂದೆ ಬೇಂದ್ರೆಯವರು ಓದಿದ ಫರ್ಗ್ಯುಸನ್ ಕಾಲೇಜಿಗೆ ಕೊನೆಯ ವರ್ಷಗಳಲ್ಲಿ ಪ್ರಾಚಾರ್ಯರಾಗಿದ್ದರು. ಸಮಾಜ ಸುಧಾರಣೆಯ ಪ್ರಶ್ನೆಯಲ್ಲಿ ತಿಲಕರಿಂದ ದೂರವಾಗಿ 1888ರಲ್ಲಿ ‘ಸುಧಾರಕ’ ಪತ್ರಿಕೆಯನ್ನು ಆರಂಭಿಸಿದರು.

ಕಲ್ಕತ್ತೆಯಲ್ಲಿ ಫೂಲ್ಮಣಿ ದಾಸಿ ಎಂಬ 11ರ ಆಸುಪಾಸಿನ ಬಾಲವಧು ಗಂಡನ ಬಲಾತ್ಕಾರದಿಂದ ಸತ್ತ ಬಳಿಕ, ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಮಸೂದೆ ಬಂತು. ಪರಕೀಯ ಸರಕಾರ ನಮ್ಮ ಮನೆಯೊಳಗೆ ಕೈಹಾಕಬಾರದು, ಶಿಕ್ಷಣದಿಂದ ಮನಸ್ಸುಗಳು ತಾವೇ ಬದಲಾಗಬೇಕು ಎಂದು ತಿಲಕರು ವಿರೋಧಿಸಿದರು. ಸ್ಪೆನ್ಸರನ ತಗಡಿನ ತರ್ಕಕ್ಕೆ ಹತ್ತಿರವಾದ ಮಾತಿದು. ಆದರೆ ಸ್ಪೆನ್ಸರನನ್ನು ಮೆಚ್ಚಿದ ಆಗರಕರ್ ಶಾಸನದ ಪರ ನಿಂತರು. ಸಂಪ್ರದಾಯಸ್ಥರು ಅವರು ಬದುಕಿರುವಾಗಲೇ ಅವರ ಅಣಕು ಶವಯಾತ್ರೆ ನಡೆಸಿದರು. 1891ರಲ್ಲಿ ಶಾಸನ ಜಾರಿಗೆ ಬಂತು. ನಾಲ್ಕು ವರ್ಷಗಳಲ್ಲಿ, ಇನ್ನೂ 38ರ ಹರೆಯದಲ್ಲಿ, ಆಗರಕರ್ ತೀರಿಕೊಂಡರು.

ಇಬ್ಬರಲ್ಲಿ ಯಾರ ಪೆಟ್ಟು ಸರಿಯಾದ ಜಾಗಕ್ಕೆ ಬಿತ್ತು? ಸ್ಪೆನ್ಸರನ ದೃಷ್ಟಾಂತ ಚೆಲುವಾದದ್ದು, ಆದರೆ ಅದರಲ್ಲೊಂದು ಕೊರತೆಯಿದೆಯೆಂದು ನಮಗೆ ಅನಿಸುತ್ತದೆ. ತಗಡಿಗೆ ನೋವಿಲ್ಲ, ಅಂಚುಗಳು ಸಡಿಲವಾಗುವವರೆಗೆ ಅದು ಕಾಯಬಲ್ಲದು. ಹನ್ನೊಂದು ವರ್ಷದ ಹುಡುಗಿ ಕಾಯಲಾರಳು. ಹಾಗೆಂದು ಶಾಸನವೊಂದೇ ಸಾಕಾಗುತ್ತಿತ್ತೇ? ಅದೇ ಪುಣೆಯ ಬುಧವಾರ ಪೇಟೆಯ ಭಿಡೆ ವಾಡೆಯಲ್ಲಿ ಜ್ಯೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ 1848ರಲ್ಲೇ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ಅದು ಸುತ್ತಲಿನ ಬಿಗಿಯನ್ನು ಸಡಿಲಿಸುವ ಕೆಲಸ. ಫಲಕ್ಕೆ ತಲೆಮಾರುಗಳು ಬೇಕು. ಶಾಸನವು ಕುಲುಮೆಯ ಬೆಂಕಿಯಂತೆ: ತಾನೇ ಆಕಾರ ಕೊಡದು, ಪೆಡಸಾದದ್ದು ಮುಂದಿನ ಪೆಟ್ಟನ್ನು ತಾಳುವಂತೆ ಮಾಡುತ್ತದೆ. ಬೆಂಕಿಯೊಂದನ್ನೇ ನಂಬಿದವನ ಕೈಯಲ್ಲಿ ಪಾತ್ರೆಯಾಗದು; ಬೆಂಕಿಗೆ ಅಂಜಿದವನ ಕೈಯಲ್ಲಿ ತಗಡು ಸೀಳುವುದು.

ಸ್ಟೀಲು, ಪ್ಲಾಸ್ಟಿಕ್ಕುಗಳ ಕಾಲದಲ್ಲಿ ತಾಂಬಟ ಆಳಿಯ ಸದ್ದು ಕ್ಷೀಣಿಸಿದೆ. ಊರು ಬಿಟ್ಟು ಇಲ್ಲಿ ನೆಲೆಸಿದ ನಾವು ಫರ್ಗ್ಯುಸನ್ ಕಾಲೇಜನ್ನೂ ಶನಿವಾರವಾಡೆಯನ್ನೂ ನೆಂಟರಿಗೆ ತಪ್ಪದೆ ತೋರಿಸುತ್ತೇವೆ. ಆ ಓಣಿಯನ್ನೂ ಒಮ್ಮೆ ಹೊಕ್ಕು ಬರುವುದು ಒಳ್ಳೆಯದು. ಪೆಟ್ಟು ಎಲ್ಲಿ ಬೀಳುತ್ತದೆ, ಎಷ್ಟು ಪೆಟ್ಟಿಗೊಮ್ಮೆ ತಾಮ್ರ ಬೆಂಕಿಗೆ ಮರಳುತ್ತದೆ ಎಂಬುದನ್ನು ನಿಂತು ನೋಡುವಷ್ಟು ವ್ಯವಧಾನ ಬೇಕು, ಅಷ್ಟೆ.