ಫೈಟರ್‌ಗೆ ಕತ್ತಿ ಬೀಸೋದು ಬಿಟ್ಟು ಬೇರೆ ಏನಿದೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಹೊಸಬರು ಬಂದರೆ ಅವರ ಕೈಗೆ ಸಾಮಾನ್ಯವಾಗಿ ಫೈಟರ್ ಪಾತ್ರ ಕೊಡ್ತಾರೆ. "ಸುಲಭ ಇದೆ, ಕತ್ತಿ ಬೀಸಿದ್ರೆ ಆಯ್ತು" ಅಂತಾರೆ. ಎರಡು ಗಂಟೆ ಆದ್ಮೇಲೆ ಪಕ್ಕದಲ್ಲಿ ಕೂತ ಮಾಂತ್ರಿಕ ಬೆಂಕಿ ಉಗುಳ್ತಾ, ಗಾಳಿಯಲ್ಲಿ ಹಾರ್ತಾ ಇರ್ತಾನೆ. ಇವನು ಇನ್ನೂ ಕತ್ತಿ ಬೀಸ್ತಾನೇ ಇರ್ತಾನೆ. ಹೀಗೆ ಯಾಕಾಯ್ತು ಅನ್ನೋದಕ್ಕೆ ಐವತ್ತು ವರ್ಷದ ಕಥೆ ಇದೆ.

ಆಟ ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ: ಡಂಜನ್ ಮಾಸ್ಟರ್ ಸನ್ನಿವೇಶ ಹೇಳ್ತಾರೆ, ನಾವು ನಮ್ಮ ಪಾತ್ರ ಏನು ಮಾಡುತ್ತೆ ಅಂತ ಹೇಳ್ತೀವಿ, ಅನುಮಾನ ಇದ್ದ ಕಡೆ ದಾಳ ತೀರ್ಮಾನ ಮಾಡುತ್ತೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಮೂರು ಚಿಕ್ಕ ಪುಸ್ತಕಗಳಾಗಿ ಹೊರತಂದಾಗ ಇದ್ದದ್ದು ಮೂರೇ ವರ್ಗ: ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್. ಫೈಟಿಂಗ್ ಮ್ಯಾನ್‌ನ ಬೇರು 1971ರ 'ಚೈನ್‌ಮೇಲ್' ಅನ್ನೋ ಯುದ್ಧದ ಆಟದಲ್ಲಿದೆ. ಅಲ್ಲಿ ಒಬ್ಬ 'ಹೀರೋ' ನಾಲ್ಕು ಸೈನಿಕರಿಗೆ ಸಮ, 'ಸೂಪರ್‌ಹೀರೋ' ಎಂಟು ಜನಕ್ಕೆ. 1974ರ ಮೂಲ ನಿಯಮದಲ್ಲಿ ಚೂರಿಯೋ ದೊಡ್ಡ ಕತ್ತಿಯೋ, ಏಟು ಒಂದೇ: ಆರು ಮುಖದ ಒಂದು ದಾಳ. ಈಗ ನೋಡಿದ್ರೆ ಬಡತನ ಅನ್ಸುತ್ತೆ. ಆದರೆ ನಿಯಮ ಸುಮ್ಮನಿದ್ದ ಕಡೆ ಆಟಗಾರನ ಬಾಯಿ ಇತ್ತು. "ಅವನ ಕಣ್ಣಿಗೆ ಮಣ್ಣು ಎರಚ್ತೀನಿ" ಅಂದ್ರೆ ಮಾಸ್ಟರ್ ಒಂದು ಕ್ಷಣ ಯೋಚಿಸಿ ದಾಳ ಹಾಕಿಸೋರು. ಮಾಂತ್ರಿಕನ ಆಯ್ಕೆಗಳು ಕಾಗದದ ಮೇಲಿದ್ದವು, ಫೈಟರ್‌ನದ್ದು ಮಾತಲ್ಲಿತ್ತು.

ಹಾಗಾಗಿ ಹೌಸ್ ರೂಲ್ ಅನ್ನೋದು ಹುಟ್ಟಿನಿಂದಲೇ ಈ ಆಟದ ಜೊತೆಗಿದೆ. ಗಲ್ಲಿ ಕ್ರಿಕೆಟ್ ಆಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಂಪೌಂಡ್ ಆಚೆ ಹೋದ್ರೆ ಔಟ್, ಒನ್ ಪಿಚ್ ಕ್ಯಾಚ್ ನಡೆಯುತ್ತೆ, ಅಷ್ಟೇ. ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತೇ ಬಿದ್ದರೆ ಏಟು ಎರಡರಷ್ಟು ಅನ್ನೋ ನಿಯಮ ನೋಡಿ. 1975ರಲ್ಲೇ ಎಂ. ಎ. ಆರ್. ಬಾರ್ಕರ್ ಅವರ 'ಎಂಪೈರ್ ಆಫ್ ದಿ ಪೆಟಲ್ ಥ್ರೋನ್' ಆಟದಲ್ಲಿ ಇಂಥದ್ದು ಬಂತು. (ಈ ಬಾರ್ಕರ್ ಉರ್ದು ಕಲಿಸುವ ಪಠ್ಯ ಬರೆದ ಭಾಷಾ ಪ್ರಾಧ್ಯಾಪಕ!) ಗೈಗ್ಯಾಕ್ಸ್‌ಗೆ ಇದು ಹಿಡಿಸಲಿಲ್ಲ. 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಅವರು ಕೊಟ್ಟ ವಾದ ಗಟ್ಟಿಯಾಗೇ ಇದೆ: ನಿಮಗೆ ಕೊಟ್ಟರೆ ರಾಕ್ಷಸನಿಗೂ ಕೊಡಬೇಕು, ಆಗ ನಿಮ್ಮ ಪಾತ್ರದ ಆಯಸ್ಸೇ ಕಡಿಮೆ ಆಗುತ್ತೆ. ಜನ ಕೇಳಿದ್ರಾ? ಇಲ್ಲ. 2000ದ ಮೂರನೇ ಆವೃತ್ತಿಯಲ್ಲಿ ಅದು ಅಧಿಕೃತ ನಿಯಮವೇ ಆಯ್ತು.

ಕಂಪನಿ ಫೈಟರ್‌ಗೆ ಅಂತ ಕೊಟ್ಟ ಮೊದಲ ಉಡುಗೊರೆಗಳಲ್ಲಿ ಒಂದು ತಮಾಷೆಯಾಗಿದೆ. 1975ರ 'ಗ್ರೇಹಾಕ್' ಪುರವಣಿ ಪ್ರಕಾರ ಫೈಟರ್‌ನ ಶಕ್ತಿ 18 ಬಂದ್ರೆ ಮೇಲೆ ನೂರರ ದಾಳ ಹಾಕಬಹುದು, 00 ಬಿದ್ದರೆ ಅವನೇ ಮಹಾಬಲಿ. ಮೂರು ದಾಳದಲ್ಲಿ 18 ಬರೋದು 216ಕ್ಕೆ ಒಂದು ಸಲ. ಅದರ ಮೇಲೆ 00 ಅಂದ್ರೆ 21,600ಕ್ಕೆ ಒಂದು. ಇದನ್ನು ಆಯ್ಕೆ ಅನ್ನೋಕಾಗಲ್ಲ, ಲಾಟರಿ ಅನ್ನಬೇಕು. 1985ರ 'ಅನ್‌ಅರ್ಥ್ಡ್ ಆರ್ಕೇನಾ' ಒಂದೇ ಆಯುಧದಲ್ಲಿ ಪಳಗೋ ಅವಕಾಶ ಕೊಟ್ಟಿತು. ಗುರಿ ಮತ್ತು ಏಟಿನ ಅಂಕ ಏರಿತು, ಮಾಡೋ ಕೆಲಸ ಅದೇ ಉಳೀತು.

ನಿಜವಾದ ತಿರುವು 2000ದಲ್ಲಿ, 'ಫೀಟ್' ಅನ್ನೋ ಪಟ್ಟಿ ಬಂದಾಗ. ಇಪ್ಪತ್ತು ಹಂತ ಮುಗಿಸೋದ್ರಲ್ಲಿ ಫೈಟರ್‌ಗೆ ಹನ್ನೊಂದು ಹೆಚ್ಚುವರಿ ಫೀಟ್. ಕಾಗದದ ಮೇಲೆ ಭರ್ಜರಿ. ಆದರೆ ಎದುರಾಳಿ ಕೈಯಿಂದ ಕತ್ತಿ ಕೆಡವೋಕೆ ಹೋಗಿ ನೋಡಿ. ಅದಕ್ಕೆ ಅಂತಲೇ ಇರೋ ಫೀಟ್ ನಿಮ್ಮ ಹತ್ರ ಇಲ್ಲದಿದ್ರೆ ಮೊದಲು ಅವನಿಂದ ಒಂದು ಪುಕ್ಕಟೆ ಏಟು ತಿನ್ನಬೇಕು. ಆ ಫೀಟ್ ಬೇಕಂದ್ರೆ ಅದಕ್ಕೂ ಮುಂಚೆ ಇನ್ನೊಂದು ಫೀಟ್, ಜೊತೆಗೆ ಬುದ್ಧಿ 13 ಇರಬೇಕು! ಮೊದಲು ಬೇಡ ಅನ್ನೋವರೆಗೂ ಎಲ್ಲಾ ನಡೀತಿತ್ತು. ಈಗ ನಮ್ಮ ಫೈರ್‌ವಾಲ್ ಥರ ವೈಟ್‌ಲಿಸ್ಟ್‌ನಲ್ಲಿ ಇದ್ರೆ ಮಾತ್ರ ಒಳಗೆ. ಒಬ್ಬನಿಗೆ ಬರೆದುಕೊಟ್ಟ ಆಯ್ಕೆ ಉಳಿದವರಿಗೆಲ್ಲಾ ಬೇಲಿ ಆಯ್ತು ಅನ್ನೋದು ನನ್ನ ತಕರಾರು.

ಹಾಗಾದ್ರೆ ಹಳೇದೇ ವಾಸಿನಾ? ಹಳೇ ಆವೃತ್ತಿ ಅಭಿಮಾನಿಗಳು ಹೌದು ಅಂತಾರೆ. ನಾನು ಪೂರ್ತಿ ಒಪ್ಪಲ್ಲ. ಬಾಯಿಮಾತಿನ ಆಟದಲ್ಲಿ ಗೆಲ್ಲೋದು ಬಾಯಿ ಇದ್ದವನು. ಪುಣೆ, ಹೈದರಾಬಾದ್‌ನ ಎಷ್ಟೋ ಟೇಬಲ್‌ಗಳಲ್ಲಿ ಆಟ ನಡೆಯೋದು ಇಂಗ್ಲಿಷ್‌ನಲ್ಲಿ. ಸರಾಗವಾಗಿ ಮಾತಾಡೋನು ಮಾಸ್ಟರ್‌ನ ಒಪ್ಪಿಸಿ ಗೂಳಿಯ ಬೆನ್ನೇರ್ತಾನೆ. ವಾಕ್ಯ ಜೋಡಿಸೋಕೆ ತಡವರಿಸೋ ನಮ್ಮ ಹುಡುಗ "ಐ ಅಟ್ಯಾಕ್" ಅಂದು ಸುಮ್ಮನಾಗ್ತಾನೆ. ಅವನಿಗೆ ಬರೆದಿಟ್ಟ ಪಟ್ಟಿ ಒಂದು ಹಕ್ಕು. ಬೆರಳಿಟ್ಟು ತೋರಿಸಿದ್ರೆ ಸಾಕು, ಯಾರನ್ನೂ ಬೇಡಬೇಕಾಗಿಲ್ಲ.

2008ರ ನಾಲ್ಕನೇ ಆವೃತ್ತಿ ಆ ಹಕ್ಕನ್ನು ಪೂರ್ತಿ ಕೊಟ್ಟಿತ್ತು. ಫೈಟರ್‌ಗೂ ಮಾಂತ್ರಿಕನ ಹಾಗೆ ಪವರ್‌ಗಳ ಪಟ್ಟಿ. "ಫೈಟರ್ ಮಂತ್ರ ಹಾಕ್ತಾನಾ?" ಅಂತ ಜನ ರೇಗಿದ್ರು. ಅನ್ಯಾಯದ ಟೀಕೆ ಅನ್ಸುತ್ತೆ ನನಗೆ. ಐದನೇ ಆವೃತ್ತಿಯ ಪರೀಕ್ಷಾ ಕರಡಿನಲ್ಲಿ, 2012ರಲ್ಲಿ, ಪಟ್ಟುಗಳಿಗೆ ಬಳಸೋ ವಿಶೇಷ ದಾಳ ಎಲ್ಲಾ ಫೈಟರ್‌ಗಳಿಗೂ ಇತ್ತು. 2014ರಲ್ಲಿ ಪುಸ್ತಕ ಬಂದಾಗ ಅದು 'ಬ್ಯಾಟಲ್ ಮಾಸ್ಟರ್' ಅನ್ನೋ ಒಂದು ಉಪವರ್ಗಕ್ಕೆ ಸೇರಿಹೋಗಿತ್ತು. ಹೊಸಬರ ಕೈಗೆ ಬಂದದ್ದು 'ಚಾಂಪಿಯನ್'. ಅವನ ಮುಖ್ಯ ವಿಶೇಷ ಏನಪ್ಪಾ ಅಂದ್ರೆ 19 ಬಿದ್ದರೂ ಏಟು ಜೋರು! ಮತ್ತೆ ಅಲ್ಲಿಗೇ ಬಂದ್ವಿ. 2024ರ ಪುಸ್ತಕ ಸ್ವಲ್ಪ ವಾಪಸ್ ಕೊಟ್ಟಿದೆ: ಆಯುಧ ಪಳಗಿಸಿಕೊಂಡ ಫೈಟರ್‌ನ ಏಟು ಬಿದ್ದರೆ, ದೊಡ್ಡ ಸುತ್ತಿಗೆ ಶತ್ರುವನ್ನು ಕೆಡವಬಹುದು, ಉದ್ದ ಕತ್ತಿ ಅವನ ಮುಂದಿನ ಏಟನ್ನು ಕುಂದಿಸುತ್ತೆ.

ನಮ್ಮ ಶನಿವಾರದ ಟೇಬಲ್‌ನಲ್ಲಿ ನಾವು ಮಾಡ್ಕೊಂಡಿರೋ ನಿಯಮ ಇಷ್ಟು. ಯಾವ ಉಪವರ್ಗದ ಫೈಟರ್ ಆದ್ರೂ ಒಂದು ವಿಶ್ರಾಂತಿಗೆ ಎರಡು ಆರು ಮುಖದ ದಾಳ ಹೆಚ್ಚುವರಿ. ಕೆಡವು, ತಳ್ಳು, ಆಯುಧ ಬೀಳಿಸು, ಅಡ್ಡ ನಿಲ್ಲು ಅಂತ ಕನ್ನಡದಲ್ಲೇ ಬರೆದ ಕಾರ್ಡ್ ಅವರ ಮುಂದಿರುತ್ತೆ. ಕಾರ್ಡಲ್ಲಿ ಇಲ್ಲದ್ದನ್ನು ಮಾಡ್ತೀನಿ ಅಂದ್ರೂ ಅದೇ ದಾಳ ನಡೆಯುತ್ತೆ. ಮಾಂತ್ರಿಕ ಆಡೋರು ಮೊದಲೆರಡು ವಾರ ಗೊಣಗಿದ್ರು. ಈಗ ಅವರಲ್ಲೊಬ್ಬರು ಮುಂದಿನ ಆಟಕ್ಕೆ ಫೈಟರ್ ತಗೋತೀನಿ ಅಂತ ಹೆಸರು ಬರೆಸಿದ್ದಾರೆ.